ಬಾಯಿ ಹೇಳಿದ್ದು, ಕೈ ಒತ್ತಿದ್ದು

ಪತ್ರಿಕೆಯ ಕ್ರೀಡಾ ಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಬಾಸ್ಕೆಟ್‌ಬಾಲ್ ಪಂದ್ಯದ ಅಂಕಿ ಅಂಶ ಬಂದಿರುತ್ತದೆ. ಯಾರಿಗೆ ಎಷ್ಟು ಅಂಕ, ಬುಟ್ಟಿ ತಪ್ಪಿ ಪುಟಿದ ಚೆಂಡು ಹಿಡಿದ ರೀಬೌಂಡ್ ಎಷ್ಟು, ಜೊತೆಯವನಿಗೆ ಚೆಂಡು ಕೊಟ್ಟು ಬುಟ್ಟಿ ಹಾಕಿಸಿದ ಅಸಿಸ್ಟ್ ಎಷ್ಟು, ಯಾರ ಕೈಯಿಂದ ಚೆಂಡು ಎಷ್ಟು ಸಲ ಜಾರಿತು. ಓದುವವರು ಓದುತ್ತಾರೆ, ಜಗಳ ಆಡುವವರು ಅದನ್ನೇ ಹಿಡಿದುಕೊಂಡು ಜಗಳ ಆಡುತ್ತಾರೆ, ಉಳಿದವರು ಅದರ ಮೇಲೆ ಬನ್ನು ಇಟ್ಟುಕೊಂಡು ತಿನ್ನುತ್ತಾರೆ. ಈ ಅಂಕಿಗಳೇನು ಆಕಾಶದಿಂದ ಉದುರುತ್ತವೆಯೇ? ಯಾರೋ ಒಬ್ಬ ಮೈಯೆಲ್ಲ ಕಣ್ಣಾಗಿ ಕೂತು ನೋಡಬೇಕು, ನೋಡಿದ್ದನ್ನು ಹೇಳಬೇಕು. ಇನ್ನೊಬ್ಬರು ಅದನ್ನು ಕಂಪ್ಯೂಟರಿಗೆ ಒತ್ತಬೇಕು. ಇದು ಯಾರ ತಲೆಗೂ ಹೊಳೆಯುವುದಿಲ್ಲ. ಹೊಳೆಯಲೇಬೇಕೆಂದೇನೂ ಇಲ್ಲ ಬಿಡಿ.

ಆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ನೋಡಿ ಹೇಳುವವನನ್ನು ಎಲ್ಲರೂ ಬಾಯಣ್ಣ ಎನ್ನುತ್ತಿದ್ದರು. ಕೇಳಿ ಒತ್ತುವವಳು ಕೈಯಕ್ಕ. ಇಬ್ಬರೂ ಗಂಡ ಹೆಂಡತಿ. ಗಂಡ ಹೆಂಡಿರನ್ನು ಅಣ್ಣ ಅಕ್ಕ ಮಾಡುವುದು ಯಾವ ಸೀಮೆಯ ನ್ಯಾಯ ಎಂದು ನನ್ನನ್ನು ಕೇಳಬೇಡಿ. ಹೆಸರಿಟ್ಟವನು ಅದೇ ಮೇಜಿನಲ್ಲಿ ಕೂತು ಆಟಗಾರರ ಹೆಸರು ಕೂಗುವ ಮೈಕಿನವನು. ಅವನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಕೆಲಸದ ಪದ್ಧತಿ ಹೀಗೆ. ಅಂಗಳದ ಮಗ್ಗುಲಿಗೆ ಉದ್ದನೆಯ ಮೇಜು. ಬಾಯಿ ಆದವನು ಚೆಂಡಿನ ಮೇಲಿಂದ ಕಣ್ಣು ಕೀಳಬಾರದು, ಕೈ ಆದವಳು ಪರದೆಯ ಮೇಲಿಂದ ಕಣ್ಣು ಕೀಳಬಾರದು. "ಬಿಳಿ ಏಳು, ಎಡ ಮೂಲೆ, ಮೂರು ಅಂಕಕ್ಕೆ, ಇಲ್ಲ. ರೀಬೌಂಡ್ ಕರಿ ಹದಿನಾಲ್ಕು. ಕರಿ ಐದು, ಬುಟ್ಟಿ ಕೆಳಗೆ, ಬಿತ್ತು. ಅಸಿಸ್ಟ್ ಹದಿನಾಲ್ಕು." ಬಿಳಿ, ಕರಿ ಎಂದರೆ ತಂಡದ ಅಂಗಿ; ಏಳು, ಹದಿನಾಲ್ಕು ಎಂದರೆ ಬೆನ್ನಿನ ನಂಬರು. ಇಷ್ಟು ಹೇಳಿ ಮುಗಿಸುವುದರೊಳಗೆ ಹತ್ತು ಜನ ಆ ತುದಿಯಿಂದ ಈ ತುದಿಗೆ ಓಡಿ ಬಂದಿರುತ್ತಾರೆ. ಅವರಿಗೆ ಈ ಕೆಲಸ ಕಲಿಸಿದ ಹಿರಿಯ, "ಕೈ ಯಾವತ್ತೂ ತಲೆ ಎತ್ತಬಾರದು. ಇಬ್ಬರೂ ನೋಡೋಕೆ ಶುರು ಮಾಡಿದ್ರೆ ಮೇಜಿನ ಮೇಲೆ ಎರಡು ಆಟ ಆಗುತ್ತೆ" ಎಂದು ಕಟ್ಟಪ್ಪಣೆ ಮಾಡಿದ್ದ. ಕೈಯಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದವಳು. ಹದಿನೆಂಟು ವರ್ಷ ಅಂಗಳದ ಅಂಚಿನಲ್ಲೇ ಕೂತೂ ಅವಳು ಒಂದೇ ಒಂದು ಸಲ ಚೆಂಡು ಬುಟ್ಟಿಗೆ ಬಿದ್ದದ್ದನ್ನು ಕಣ್ಣಾರೆ ಕಂಡಿರಲಿಲ್ಲ ಎಂದರೆ ನಂಬುತ್ತೀರಾ? ಜನ ಹೋ ಎಂದು ಎದ್ದು ಕುಣಿಯುವಾಗಲೂ ಅವಳ ತಲೆ ಬಗ್ಗಿಯೇ ಇರುತ್ತಿತ್ತು. ಗಂಡ "ಬಿತ್ತು" ಎಂದರೆ ಅವಳಿಗೆ ಬಿತ್ತು, "ಇಲ್ಲ" ಎಂದರೆ ಇಲ್ಲ.

ಅವಳು ಈ ಮೇಜಿಗೆ ಬಂದದ್ದೂ ಒಂದು ಅಕಸ್ಮಾತ್ತೇ. ಮದುವೆಗೆ ಮುಂಚೆ ಟೈಪಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಮೊದಲಿದ್ದ ಕೈ ಯಾವುದೋ ಒಳ್ಳೆಯ ಕೆಲಸ ಸಿಕ್ಕಿ ಹೇಳದೆ ಕೇಳದೆ ಬಿಟ್ಟು ಹೋದಾಗ, ಬಾಯಣ್ಣ ಹೆಂಡತಿಯನ್ನು "ಒಂದೇ ಒಂದು ಆಟಕ್ಕೆ ಬಾರೇ, ಮಾನ ಉಳಿಸು" ಎಂದು ಕರೆತಂದ. ಅವಳ ಬೆರಳಿನ ವೇಗ ನೋಡಿ ಕ್ರೀಡಾಂಗಣದ ಮ್ಯಾನೇಜರು ಬಾಯಿ ಕಳೆದ. ಆಮೇಲೆ ಅವಳನ್ನು ಬಿಟ್ಟವರು ಯಾರು?

ಬಾಯಣ್ಣನ ಗಂಟಲು ಅದಕ್ಕೂ ಹಿಂದಿನಿಂದಲೇ ಊರಿಗೆ ಗೊತ್ತಿತ್ತು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಕೂಗುವ ನೌಕರಿ. ಒಂದು ದಿನ ಮೇಲಿನವರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಎಲ್ಲ ಊರುಗಳ ಹೆಸರು, ಎಲ್ಲ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಹೇಳಿಸಿ ದನಿ ಮುದ್ರಿಸಿಕೊಂಡರು. ಪಾಪ, ತನಗೆ ಏನೋ ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡು ಅವನು ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಅದಾದ ಮೇಲೆ ಕೂಗುವುದಕ್ಕೆ ಅವನು ಬೇಕಾಗಲಿಲ್ಲ. ನಿವೃತ್ತಿಯವರೆಗೂ ಕಳೆದುಹೋದ ಸಾಮಾನಿನ ಕೋಣೆಯಲ್ಲಿ ಕೊಡೆಗಳ ನಡುವೆ ಕೂತು, ಹೊರಗೆ ತನ್ನದೇ ದನಿ ಬಸ್ಸು ಕೂಗುವುದನ್ನು ಕೇಳುತ್ತಿದ್ದ. ಉಳಿದದ್ದು ಕ್ರೀಡಾಂಗಣದ ಆ ಕುರ್ಚಿ ಒಂದೇ. ಅಲ್ಲಿ ಮಾತ್ರ ಅವನು ಹೇಳಿದ ಮಾತಿಗೆ ಬೆಲೆ ಇತ್ತು, ಅಲ್ಲಿ ಮಾತ್ರ ಅವನಿಲ್ಲದೆ ನಡೆಯುವುದಿಲ್ಲ ಎನ್ನುವ ಮಾತು ನಿಜವಾಗಿತ್ತು.

ಅಂಥ ಹೊತ್ತಿನಲ್ಲಿ ಕಣ್ಣು ಕೈಕೊಟ್ಟಿತು.

ಪೂರ್ತಿ ಕತ್ತಲೆಯಲ್ಲ. ನೋಟದ ನಟ್ಟನಡುವೆ ಒಂದು ಮಸಿ. ಯಾವುದನ್ನು ದಿಟ್ಟಿಸಿ ನೋಡಿದರೂ ಅದೇ ಮಾಯ, ಸುತ್ತಮುತ್ತಲಿನದು ಮಾತ್ರ ಕಾಣುತ್ತದೆ. ಹೆಂಡತಿಯ ಮುಖ ನೋಡಿದರೆ ಕಿವಿ ಕಾಣುತ್ತದೆ, ಮೂಗಿಲ್ಲ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಇರೋದನ್ನ ಕಾಪಾಡ್ಕೊಳ್ಳಿ. ಹೋಗಿದ್ದು ವಾಪಸ್ ಬರಲ್ಲ" ಎಂದರು. ಬಾಯಣ್ಣ ಮನೆಗೆ ಬಂದು, "ಕನ್ನಡಕದ ನಂಬರ್ ಬದಲಾಗಿದೆಯಂತೆ" ಎಂದ. ಹೆಂಡತಿ "ವಯಸ್ಸಾಯ್ತಲ್ಲ" ಎಂದಳು. ಅಲ್ಲಿಗೆ ಮಾತು ಮುಗಿಯಿತು. ಅವರ ಮನೆಯಲ್ಲಿ ಮಾತು ಮುಗಿಯುವುದು ಬೇಗ. ಮಗಳು ಮದುವೆಯಾಗಿ ಹೋದ ಮೇಲಂತೂ ಎರಡು ಕೋಣೆಗೆ ಎರಡು ಜನ, ನಡುವೆ ರೇಡಿಯೊ.

ನಿಜ ಹೇಳಿದರೆ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ತಾನಿನ್ನು ಯಾರಿಗೂ ಬೇಡದವನು. ಹೀಗೆ ಲೆಕ್ಕ ಹಾಕಿ ಅವನು ಬಾಯಿ ಮುಚ್ಚಿಕೊಂಡು ಉಪಾಯ ಹುಡುಕಿದ. ಬೆನ್ನಿನ ಮೇಲಿನ ನಂಬರು ಕಾಣದಿದ್ದರೇನು, ನಡಿಗೆ ಕಾಣುತ್ತದಲ್ಲ! ಒಬ್ಬ ಬಾತುಕೋಳಿಯ ಹಾಗೆ ಓಡುತ್ತಾನೆ, ಒಬ್ಬ ಚೆಂಡು ಬರುವ ಮೊದಲೇ ಅಂಗೈ ಒರೆಸಿಕೊಳ್ಳುತ್ತಾನೆ, ಒಬ್ಬನಿಗೆ ಎಡಗಾಲು ಎಳೆಯುವ ಚಾಳಿ. ಅಭ್ಯಾಸದ ದಿನಗಳಲ್ಲಿ ಕ್ರೀಡಾಂಗಣಕ್ಕೆ ಹೋಗಿ, ಕತ್ತನ್ನು ಕೋಳಿಯಂತೆ ಓರೆ ಮಾಡಿ, ಒಬ್ಬೊಬ್ಬರ ನಡಿಗೆಯನ್ನೂ ಬಾಯಿಪಾಠ ಮಾಡಿದ. "ಏನ್ ಬಾಯಣ್ಣ, ಯಾರಿಗಾದ್ರೂ ಗಂಡು ನೋಡ್ತಿದೀರಾ?" ಎಂದು ಮೈಕಿನವನು ಕಿಚಾಯಿಸಿದ. ಬಾಯಣ್ಣ ಹಲ್ಲು ಕಿರಿದ.

ಪಂದ್ಯಗಳ ಋತು ಶುರುವಾಯಿತು. ಪ್ರತಿ ಆಟವಾದ ಮೇಲೂ ಲೀಗಿನ ಕಚೇರಿಯವರು ವಿಡಿಯೊ ಹಾಕಿಕೊಂಡು ಅಂಕಿಗಳನ್ನು ತಾಳೆ ನೋಡುತ್ತಾರೆ. ತಪ್ಪಿದ್ದರೆ ಮ್ಯಾನೇಜರಿಗೆ ಫೋನು ಬರುತ್ತದೆ, ಮ್ಯಾನೇಜರಿನ ಮುಖ ಕೆಂಪಾಗುತ್ತದೆ. ಬಾಯಣ್ಣ ಜೀವ ಅಂಗೈಯಲ್ಲಿ ಹಿಡಿದು ಕಾದ. ಫೋನು ಬರಲಿಲ್ಲ. ಎರಡನೆಯ ಆಟಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಮ್ಯಾನೇಜರು ಎದುರಾದಾಗ ಬೆನ್ನು ತಟ್ಟಿ, "ವಯಸ್ಸಾದಷ್ಟೂ ಚುರುಕಾಗ್ತಿದೀರಲ್ರೀ!" ಎಂದುಬಿಟ್ಟ. ಬಾಯಣ್ಣನ ಎದೆ ಉಬ್ಬಿತು. ಕಣ್ಣಿಲ್ಲದೆಯೂ ಆಟ ಕಾಣಬಲ್ಲೆ ಎಂಬ ಸೊಕ್ಕು ಸಣ್ಣಗೆ ತಲೆಗೇರಿತು. ಏರದೆ ಇರುತ್ತದೆಯೇ? ಅಂದು ಮನೆಗೆ ಹೋಗುವಾಗ ಹೆಂಡತಿಗೆಂದು ಒಂದು ಪೊಟ್ಟಣ ಸಿಹಿಯನ್ನೂ ತೆಗೆದುಕೊಂಡ. ಅವಳು ಅದನ್ನು ಬಿಚ್ಚಿ, ಒಂದು ತುಂಡು ತಿಂದು, ಉಳಿದದ್ದನ್ನು ಡಬ್ಬಿಗೆ ಹಾಕಿಟ್ಟಳು.

ಕಣ್ಣು ಮಂದವಾದವನಿಗೆ ಕಿವಿ ಚುರುಕಾಗುತ್ತದೆ ಅನ್ನುತ್ತಾರಲ್ಲ, ಬಾಯಣ್ಣನಿಗೆ ಆದದ್ದೂ ಅದೇ. ಋತು ಮುಗಿಯಲು ಬಂದಾಗ, ಒಂದು ಆಟದ ನಡುವೆ, ಅವನಿಗೆ ಏನೋ ಕಸಿವಿಸಿ. ಕೀಲಿಗಳ ಟಕಟಕ ಸದ್ದು ಎಂದಿನಂತಿಲ್ಲ. ಹದಿನೆಂಟು ವರ್ಷದಿಂದ ಆ ಸದ್ದು ಅವನ ಮಾತಿನ ಬೆನ್ನಿಗೇ ಬರುತ್ತಿತ್ತು: ಅವನ ಮಾತು ಮುಂದೆ, ಅವಳ ಟಕಟಕ ಹಿಂದೆ. ಈಗ ಟಕಟಕ ಮುಂದಿದೆ. "ಕರಿ ಒಂಬತ್ತು" ಎನ್ನುವಷ್ಟರಲ್ಲಿ ಅವಳು ಒತ್ತಿ ಆಗಿದೆ. ಇದೇನಿದು? ಅವನು ಬೇಕೆಂದೇ ಒಂದು ಸಲ ತುಟಿ ಬಿಗಿಹಿಡಿದ. ಚೆಂಡು ಹಲಗೆಗೆ ಬಡಿದ ಸದ್ದು, ಜನರ ಅಯ್ಯೋ, ಆಮೇಲೆ ಪಕ್ಕದಿಂದ ಟಕಟಕ. ಅವನು ಏನೂ ಹೇಳಿರಲಿಲ್ಲ.

ಉಳಿದ ಆಟವನ್ನು ಹೇಗೆ ಹೇಳಿ ಮುಗಿಸಿದನೋ ಅವನಿಗೇ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಕೇಳಿದ. "ಯಾವಾಗಿಂದ ನೋಡ್ತಿದೀಯ?"

ಅವಳು ಏನು ಎತ್ತ ಎಂದು ಕೇಳಲಿಲ್ಲ. "ಮೊದಲನೇ ಆಟದಿಂದ" ಎಂದಳು.

"ಮೊದಲನೇದು ಅಂದ್ರೆ?"

"ನೀವು ಹನ್ನೊಂದು ಹನ್ನೊಂದು ಅಂತ ಹೇಳ್ತಾನೇ ಇದ್ರಿ. ನಾನು ಒತ್ತಿದ್ರೆ ಕಂಪ್ಯೂಟರ್ ತಗೊಳ್ತಾನೇ ಇಲ್ಲ, ಅವನು ಅಂಗಳದಲ್ಲೇ ಇಲ್ಲ ಅಂತ ಬಡ್ಕೊಳ್ತಿದೆ. ಕೆಟ್ಟೋಯ್ತೇನೋ ಅಂತ ತಲೆ ಎತ್ತಿ ನೋಡ್ದೆ. ಹನ್ನೊಂದು ಕಾಲಿಗೆ ಪಟ್ಟಿ ಕಟ್ಕೊಂಡು, ಮನೆ ಬಟ್ಟೆ ಹಾಕ್ಕೊಂಡು, ಬೆಂಚಲ್ಲಿ ಕೂತಿದಾನೆ. ಆಡ್ತಿದ್ದೋನು ಮೂವತ್ತೊಂದು. ಅವನೂ ಕಾಲೆಳೀತಾನೆ."

ಬಾಯಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಎಡಗಾಲು ಎಳೆಯುವವನು ಹನ್ನೊಂದು ಎಂದು ಎಷ್ಟು ಗಟ್ಟಿ ಮಾಡಿಕೊಂಡಿದ್ದ! ಹೊಸಬನೊಬ್ಬ ಬಂದು ಅದೇ ಕಾಲು ಎಳೆಯಬಹುದು ಎಂದು ಹೊಳೆದೇ ಇರಲಿಲ್ಲ. ಆಟ ಆಡದೆ ಬೆಂಚಿನಲ್ಲಿ ಕೂತವನಿಗೆ ಬುಟ್ಟಿ, ರೀಬೌಂಡು ಎಲ್ಲ ಕೊಟ್ಟು ಕೂತಿದ್ದನಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಚಿಕೆಯಾದ ಗಂಡಸು ಏನು ಮಾಡುತ್ತಾನೆ? ರೇಗುತ್ತಾನೆ.

"ಹೇಳೋಕೇನಾಗಿತ್ತು ನಿಂಗೆ? ಇಷ್ಟು ದಿನ ನಾನು ಗಾಳಿಗೆ ಬಡಬಡಿಸ್ತಿದ್ನಾ? ನಿನ್ನ ಪಕ್ಕ ಕೂತ್ಕೊಂಡು ನಾನೊಬ್ಬ ಹುಚ್ಚನ ಥರ..."

"ಹೇಳಿದ್ರೆ ನೀವು ಬಿಟ್ಬಿಡ್ತಿದ್ರಿ."

"ಬಿಡ್ತಿದ್ನೋ ಇಲ್ವೋ, ಅದು ನನ್ನ ಇಷ್ಟ. ನೀನು ಕೈ. ಕೈ ಕೈ ಥರ ಇರು. ಕೊನೇ ಆಟ ಒಂದಿದೆ, ನಾನು ಏನು ಹೇಳ್ತೀನೋ ಅದನ್ನೇ ಒತ್ತು. ತಲೆ ಎತ್ತಿದ್ರೆ ನೋಡು!"

ಅವಳು ಒಂದು ಅಂಗಿಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದಳು. "ಆಯ್ತು" ಎಂದಳು.

ಕೊನೆಯ ಆಟ ಭಾನುವಾರ ಮಧ್ಯಾಹ್ನ. ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಯಣ್ಣ ಮುಖ ಊದಿಸಿಕೊಂಡೇ ಬಂದು ಕೂತ. ಅವಳು ಪಕ್ಕದಲ್ಲಿ ಕೂತು, ಹೇಳಿದ ಮಾತಿಗೆ ಸರಿಯಾಗಿ, ತಲೆ ತಗ್ಗಿಸಿದಳು. ಸೀಟಿ ಕೂಗಿತು. ಅವನು ಹೇಳಿದ, ಅವಳು ಒತ್ತಿದಳು. ಮಾತು ಮುಂದೆ, ಟಕಟಕ ಹಿಂದೆ. ಹಳೆಯ ದಿನಗಳು ವಾಪಸು ಬಂದ ಹಾಗೆ ಅವನಿಗೆ ಹಿತವಾಯಿತು. ಅನುಮಾನ ಬಂದ ಕಡೆಯಲ್ಲೂ ದನಿ ಅಲುಗದಂತೆ ನೋಡಿಕೊಂಡ. ಉದ್ದನೆಯ ಆಳೊಬ್ಬ ಮೇಲೆ ಹಾರಿ ಚೆಂಡು ಹಿಡಿದರೆ "ಬಿಳಿ ಹದಿನಾಲ್ಕು" ಎಂದುಬಿಟ್ಟ. ಬಿಳಿಯವರಲ್ಲಿ ಹಾಗೆ ಹಾರುವವನು ಇನ್ಯಾರಿದ್ದಾರೆ?

ಇದ್ದ. ಇಪ್ಪತ್ತನಾಲ್ಕು ನಂಬರಿನ ಒಬ್ಬ ಹಳೆಯ ಆಟಗಾರ, ಬೆಂಚು ಬಿಸಿ ಮಾಡುವುದೇ ಅವನ ಕೆಲಸ. ಇಡೀ ಋತುವಿನಲ್ಲಿ ಅವನು ಅಂಗಳಕ್ಕೆ ಇಳಿದದ್ದು ಬೆರಳೆಣಿಕೆಯಷ್ಟು ಸಲ. ಅವನ ನಡಿಗೆಯನ್ನು ಬಾಯಣ್ಣ ಕಲಿತಿರಲಿಲ್ಲ, ಕಲಿಯಬೇಕು ಅನ್ನಿಸಿಯೂ ಇರಲಿಲ್ಲ. ಮುಂದಿನ ವರ್ಷ ತಂಡ ಅವನನ್ನು ಇಟ್ಟುಕೊಳ್ಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹೋಗುವ ಮುನ್ನ ಒಂದು ಆಟ ಆಡಲಿ ಎಂದು ಕೋಚು ಅಂದು ಮೊದಲಿಂದಲೇ ಇಳಿಸಿದ್ದ. ಅವನೂ ಮೈಮುರಿದು ಆಡಿದ. ಹಾರಿ ಹಾರಿ ಚೆಂಡು ಕಿತ್ತ. ಹದಿನಾಲ್ಕೂ ಅಂಗಳದಲ್ಲೇ ಇದ್ದುದರಿಂದ ಕಂಪ್ಯೂಟರು ತಕರಾರು ತೆಗೆಯಲಿಲ್ಲ.

ಅರ್ಧ ಆಟಕ್ಕೆ ಅಂಕಿಗಳ ಹಾಳೆ ಅಚ್ಚಾಗಿ ಎರಡೂ ತಂಡಗಳ ಕೈಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮೇಜಿನ ಮುಂದೆ ಯಾರೋ ಬಂದು ನಿಂತರು. ಬಾಯಣ್ಣನಿಗೆ ಭುಜಗಳು ಕಂಡವು, ಬೆವರು ಇಳಿಯುವ ಕೈ ಕಂಡಿತು, ಮುಖದ ಜಾಗದಲ್ಲಿ ಮಸಿ. ಆ ಆಳು ಜಗಳಕ್ಕೆ ಬಂದಿರಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ.

"ಅಣ್ಣಾ, ನಾನು ಆಡ್ಲೇ ಇಲ್ವಾ?"

"ಯಾ... ಯಾರಪ್ಪಾ?"

"ನನ್ನ ಹೆಸರಿನ ಮುಂದೆ ಬರೀ ಸೊನ್ನೆ ಇದೆ. ಒಂದು ರೀಬೌಂಡೂ ಇಲ್ಲ. ನಮ್ಮನೇಲಿ ಎಲ್ಲಾ ನಾಳೆ ಪೇಪರ್ ನೋಡ್ತಾರೆ, ಅದಕ್ಕೆ ಕೇಳ್ದೆ."

ಬಾಯಣ್ಣ ಮುಂದಿದ್ದ ಹಾಳೆಯನ್ನು ಮುಖದ ಹತ್ತಿರ ತಂದು ಓರೆಗಣ್ಣಲ್ಲಿ ತಡಕಾಡಿದ. ಮೈಕಿನವನೇ ನಡುವೆ ಬಾಯಿ ಹಾಕಿ, "ವಿಡಿಯೊ ನೋಡಿ ಸರಿ ಮಾಡ್ತಾರೆ ಹೋಗಪ್ಪಾ, ತಲೆ ಕೆಡಿಸ್ಕೋಬೇಡ" ಎಂದು ಸಾಗಹಾಕಿದ. ವಿಡಿಯೊ ನೋಡುವುದು ನಾಲ್ಕು ದಿನ ಆದ ಮೇಲೆ. ಪತ್ರಿಕೆ ಬರುವುದು ಬೆಳಿಗ್ಗೆ. ಇದು ಮೇಜಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

"ತಿದ್ದೇ" ಎಂದ ಬಾಯಣ್ಣ ಹೆಂಡತಿಗೆ, ಪಿಸುದನಿಯಲ್ಲಿ. "ಅವನದು ಅವನಿಗೆ ಹಾಕು."

"ಎಷ್ಟು ಅಂತ ಹಾಕ್ಲಿ? ನಾನು ನೋಡ್ಲಿಲ್ವಲ್ಲ" ಎಂದಳು ಅವಳು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಆ ಕ್ಷಣ ಅವನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ತನ್ನ ಕುರ್ಚಿ ಉಳಿಸಿಕೊಳ್ಳಲು ಇನ್ನೊಬ್ಬನ ಕೊನೆಯ ಆಟವನ್ನೇ ಅಳಿಸಿದೆನಲ್ಲ ಎಂದು ಸಂಕಟವಾಯಿತು. ಎರಡನೆಯ ಅರ್ಧಕ್ಕೆ ಸೀಟಿ ಊದುವ ಮುಂಚೆ ಅವನು ಅವಳ ಕಡೆ ಬಾಗಿ, "ನೀನೇ ನೋಡು. ನಂಗೆ ಕಾಣಲ್ಲ ಕಣೇ" ಎಂದ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಹೂಂ ಎಂದಳು. ತಲೆ ಎತ್ತಿದಳು.

ಆಮೇಲೆ ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತೆಪ್ಪಗೆ ಕೂತ. ಪಕ್ಕದಲ್ಲಿ ಟಕಟಕ ಟಕಟಕ, ಎಲ್ಲೂ ಎಡವದೆ. ಕೀಲಿಗಳನ್ನು ನೋಡದೆ ಒತ್ತುವುದನ್ನು ನೂರಾರು ಜನಕ್ಕೆ ಕಲಿಸಿದವಳು ಅವಳು. ಅವಳಿಗೆ ಬಾಯಿ ಎಂದೂ ಬೇಕಿರಲಿಲ್ಲ, ಮೊದಲ ದಿನವೇ ತಲೆ ಎತ್ತಿದ್ದರೂ ನಡೆಯುತ್ತಿತ್ತು ಎನ್ನುವುದು ಅವನಿಗೆ ಈಗ ಅರ್ಥವಾಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಬಾಯಿ ಮುಚ್ಚಿದ್ದು ಯಾರಿಗೂ ತಿಳಿಯಲೇ ಇಲ್ಲ. ಮೈಕಿನವನಿಗೂ ಇಲ್ಲ, ಮ್ಯಾನೇಜರಿಗೂ ಇಲ್ಲ, ಅಷ್ಟೊಂದು ಜನರಲ್ಲಿ ಒಬ್ಬರಿಗೂ ಇಲ್ಲ. ಆಟ ಮುಗಿದು ಹಾಳೆ ಬಂದಾಗ ಮ್ಯಾನೇಜರು, "ಎರಡನೇ ಅರ್ಧ ಮುತ್ತು ಪೋಣಿಸಿದ ಹಾಗಿದೆ ಬಾಯಣ್ಣಾ!" ಎಂದ. ಬಾಯಣ್ಣನಿಗೆ ಅಳು ಬಂತು. ಕರವಸ್ತ್ರದಿಂದ ಕನ್ನಡಕ ಒರೆಸುವ ನೆಪ ಮಾಡಿದ.

"ಮುಂದಿನ ವರ್ಷ ನಾವು ಬರಲ್ಲ ಸಾರ್. ನನ್ನ ಕಣ್ಣು ಹೋಗಿದೆ" ಎಂದು ಅವನು ಒಂದೇ ಉಸಿರಿಗೆ ಹೇಳಿದ.

ಮ್ಯಾನೇಜರು ತಬ್ಬಿಬ್ಬಾಗಿ ಅವಳ ಕಡೆ ತಿರುಗಿದ. ಅವಳು ತಂತಿ ಸುತ್ತಿಡುತ್ತಾ, "ಅವರು ಬರಲ್ಲ. ನಾನು ಬರ್ತೀನಿ" ಎಂದಳು.

ಹೊರಗೆ ಇನ್ನೂ ಬಿಸಿಲಿತ್ತು. ಜನ ಗುಂಪು ಗುಂಪಾಗಿ ಮೆಟ್ಟಿಲಿಳಿದು ಹೋಗುತ್ತಿದ್ದರು. ಇಬ್ಬರೂ ಗೋಡೆ ಬದಿಗೆ ನಿಂತು ದಾರಿ ಬಿಟ್ಟರು. ಬಾಯಣ್ಣ ತಡೆಯಲಾಗದೆ ಕೇಳಿಯೇಬಿಟ್ಟ. "ನನ್ನ ಮನೇಲಿ ಬಿಟ್ಟು ನೀನೊಬ್ಬಳೇ ಬರ್ತೀಯಾ?"

"ಬರ್ತೀನಿ."

"ಅಷ್ಟು ಬೇಕಾಯ್ತಾ ನಿಂಗೆ ಇದು?"

ಅವಳು ಅವನ ಕಡೆ ತಿರುಗಿದಳು. ಅವಳ ದನಿ ಏರಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ.

"ಎಷ್ಟು ಚೆಂದ ಇದೆ ರೀ ಅದು! ಅವರು ಮೇಲಕ್ಕೆ ಹಾರಿದಾಗ ಒಂದು ಚೂರು ಹೊತ್ತು ಅಲ್ಲೇ ನಿಂತ್ಬಿಡ್ತಾರೆ, ಕೆಳಗೆ ಬರೋದೇ ಮರೆತೋರ ಥರ. ಮೊದಲನೇ ಸಲ ತಲೆ ಎತ್ತಿದಾಗ ನಂಗೆ ಒತ್ತೋಕೇ ಆಗ್ಲಿಲ್ಲ. ಹದಿನೆಂಟು ವರ್ಷ ಪಕ್ಕದಲ್ಲೇ ಕೂತಿದ್ದೆ. ಒಂದಿನಾನಾದ್ರೂ ಹೇಳ್ಬಾರ್ದಿತ್ತಾ? ಏಳು, ಹದಿನಾಲ್ಕು, ಬಿತ್ತು, ಇಲ್ಲ. ಇಷ್ಟೇ. ಇಷ್ಟು ಚೆಂದ ಇದೆ, ಒಂದ್ಸಲ ತಲೆ ಎತ್ತಿ ನೋಡೇ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ ನೀವು?"

ಅವನು ಹಾರಿದವರನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಕಣ್ಣು ಸರಿಯಿದ್ದಾಗಿನ ಅಷ್ಟೂ ಆಟಗಳಲ್ಲಿ ಒಬ್ಬನಾದರೂ ಗಾಳಿಯಲ್ಲಿ ನಿಂತದ್ದು ನೆನಪಿಗೆ ಬಂದೀತೇ ಎಂದು ತಡಕಾಡಿದ. ಬಂದದ್ದೆಲ್ಲ ಬೆನ್ನುಗಳು, ಬೆನ್ನಿನ ಮೇಲೆ ನಂಬರುಗಳು. ಏಳು, ಹದಿನಾಲ್ಕು, ಐದು, ಒಂಬತ್ತು. ಅದರಾಚೆಗೆ ಏನೂ ಇರಲಿಲ್ಲ.

"ನಾನೂ ನೋಡ್ಲಿಲ್ಲ ಕಣೇ" ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಅವನಿಗೆ ಅವಳ ಕಿವಿ ಮಾತ್ರ ಕಾಣುತ್ತಿತ್ತು. ಜನ ಕರಗಿದ ಮೇಲೆ ಅವಳು ಅವನ ಮೊಣಕೈ ಹಿಡಿದುಕೊಂಡು, "ಮೆಟ್ಟಿಲಿದೆ, ನಿಧಾನ" ಎಂದಳು.